ಜೆರ್ಟ್ರೂಡ್ ಬಾಯಮ್ಮನ ಪುಡ್ಡಿಂಗೂ ನನ್ನ ಎಡಚಕ್ರವೂ

ಬೆಳ್ಮಣ್ಣಿನ ಜೆರ್ಟ್ರೂಡ್ ಬಾಯಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರೂ ಬರುವುದಿಲ್ಲ. ಚಿಕ್ಕಂದಿನಲ್ಲಿ ತವರೂರು ಬಜಗೋಳಿಯಲ್ಲಿ ಒಂದೇ ಒಂದು ಸಲ ಸೈಕಲ್ ಹತ್ತಿದ್ದರಂತೆ, ಇಳಿದದ್ದು ತೋಡಿನ ನೀರಿನೊಳಗೆ. ಇಂಥವರು ಕಾಪುವಿನ ಹೆದ್ದಾರಿ ಬದಿಯಲ್ಲಿ ಕಂಪ್ಯೂಟರ್ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡಿರುವ ಶೇಖರನಿಗೆ, ಅಂದರೆ ನನಗೆ, ಚಕ್ರದ ಪಾಠ ಹೇಳಿಕೊಟ್ಟರು. ಅದೂ ಮಡಿಲಲ್ಲಿ ಒಂದು ಡಬ್ಬ ಪುಡ್ಡಿಂಗ್ ಇಟ್ಟುಕೊಂಡು. ಈ ಕಥೆಯನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ಟ್ಯಾಕ್ಸಿ ಸ್ಟ್ಯಾಂಡಿನವರು ಹೇಳತೊಡಗಿದರೆ ನನ್ನ ಮರ್ಯಾದೆಯ ಒಂದು ನಟ್ಟೂ ಜಾಗದಲ್ಲಿ ಉಳಿಯುವುದಿಲ್ಲ.

ಬಾಯಮ್ಮನಿಗೆ ಈಗ ಅರವತ್ತೊಂಬತ್ತು. ಕ್ರೈಸ್ತರ ಮದುವೆಗಳಿಗೆ ಕ್ಯಾರಮೆಲ್ ಪುಡ್ಡಿಂಗ್ ಮಾಡಿಕೊಡುವುದು ಅವರ ಕಸುಬು. ಮದುವೆಯ ಮುನ್ನಾದಿನ ಹುಡುಗ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರ ಉಂಟಲ್ಲ, ರೋಸ್ ಅನ್ನುತ್ತಾರೆ, ಆ ರಾತ್ರಿಯ ಊಟಕ್ಕೂ ಅವರದೇ ಪುಡ್ಡಿಂಗ್. ಕಾರ್ಕಳದಿಂದ ಮಣಿಪಾಲದವರೆಗೆ ಹೆಸರು ಮಾಡಿದ ಕೈ ಅದು. ಅಗಲ ಬಾಯಿಯ ಅಲ್ಯೂಮಿನಿಯಂ ಡಬ್ಬದ ತಳದಲ್ಲಿ ಸಕ್ಕರೆ ಕರಗಿಸಿ ಕಂದು ಬಣ್ಣಕ್ಕೆ ತರುತ್ತಾರೆ, ಮೇಲೆ ಹಾಲು ಮೊಟ್ಟೆ ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ, ಆರಿಸಿ ಮುಚ್ಚಳ ಹಾಕುತ್ತಾರೆ. ಮದುವೆ ಮನೆ ತಲುಪಿದ ಮೇಲೆ ತಟ್ಟೆಗೆ ಬೋರಲು ಹಾಕಬೇಕು. ದಾರಿಯಲ್ಲಿ ಪುಡ್ಡಿಂಗ್ ಡಬ್ಬದ ಗೋಡೆ ಬಿಟ್ಟಿತೋ, ಬೋರಲು ಹಾಕುವಾಗ ಗೋಪುರದ ಬದಲು ಗುಡ್ಡ ಕುಸಿದ ಹಾಗೆ ಬೀಳುತ್ತದೆ. ಹಾಗಾಗಿ ಡಬ್ಬವನ್ನು ಅವರು ಡಿಕ್ಕಿಯಲ್ಲಿ ಇಡುವುದಿಲ್ಲ, ಯಾರ ಕೈಗೂ ಕೊಡುವುದಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಡಿಲಲ್ಲೇ ಹಿಡಿದುಕೊಳ್ಳುತ್ತಾರೆ. ಮುಚ್ಚಳದ ಅಂಚಿನಲ್ಲಿ ಮೊಳೆಯಿಂದ ಗೀರಿದ ಒಂದು ಸಣ್ಣ ಶಿಲುಬೆ ಉಂಟು. ಅದು ಯಾವಾಗಲೂ ಇಂಜಿನ್ ಕಡೆಗೇ ಮುಖ ಮಾಡಿರಬೇಕು.

ಈ ಶಿಲುಬೆಯ ಹಿಂದೆ ಒಂದು ಗಂಡ ಹೆಂಡತಿ ಜಗಳ ಉಂಟು. ಬಾಯಮ್ಮನ ಯಜಮಾನರು ಲೂಯಿಸ್ ಪೊರ್ಬುಗಳು, ಕ್ರೈಸ್ತ ಗಂಡಸರನ್ನು ನಮ್ಮಲ್ಲಿ ಗೌರವಕ್ಕೆ ಹಾಗೆ ಕರೆಯುವುದು, ಕಾರ್ಕಳ–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಆಗಿದ್ದವರು. ಮದುವೆಯಾದ ಹೊಸತರಲ್ಲಿ ಬಾಯಮ್ಮ ಮೊದಲ ಪುಡ್ಡಿಂಗನ್ನು ಗಂಡನ ಬಸ್ಸಿನಲ್ಲೇ ಉಡುಪಿಗೆ ಒಯ್ದರು. ತಟ್ಟೆಗೆ ಹಾಕಿದರೆ ಅರ್ಧ ನಿಂತಿತು, ಅರ್ಧ ಮಲಗಿತು. "ನೀವು ಬಸ್ಸು ಓಡಿಸುವುದೋ, ಭತ್ತ ಕುಟ್ಟುವುದೋ?" ಎಂದು ಹೆಂಡತಿ ಕೇಳಿದರು. ಲೂಯಿಸರಿಗೆ ಹೆಂಡತಿ ಬೈದದ್ದಕ್ಕಿಂತ ಡ್ರೈವಿಂಗಿಗೆ ಬೈದದ್ದು ನಾಟಿತು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರು ಬಸ್ಸಿನ ಚಕ್ರ ಬಿಚ್ಚಿಸಿ ನೋಡಿದರೆ ಮುಂದಿನ ಎಡಗಡೆಯ ರಿಮ್ ಒಂದು ಕಡೆ ಒಳಕ್ಕೆ ಬಾಗಿತ್ತು! ಪುಡ್ಡಿಂಗ್ ಗೋಡೆ ಬಿಟ್ಟದ್ದೂ ಎಡ ಮುಂದಿನ ಭಾಗದಲ್ಲೇ. ಆವತ್ತೇ ಲೂಯಿಸರು ಮುಚ್ಚಳದ ಮೇಲೆ ಶಿಲುಬೆ ಗೀರಿ, ಇನ್ನು ಇದು ಮುಂದೆ ನೋಡಿಕೊಂಡಿರಲಿ ಎಂದರು. ಆಮೇಲೆ ಬಸ್ಸು ರಿಪೇರಿಯಾಗಿ ಗ್ಯಾರೇಜಿನಿಂದ ಹೊರಬಿದ್ದಾಗಲೆಲ್ಲ ಪರೀಕ್ಷೆಗೆ ಡ್ರೈವರ್ ಸೀಟಿನ ಹಿಂದೆ ಬಾಯಮ್ಮ, ಬಾಯಮ್ಮನ ಮಡಿಲಲ್ಲಿ ಡಬ್ಬ. ಒಬ್ಬ ಹೊಸ ಕಂಡಕ್ಟರ್ ಪುಡ್ಡಿಂಗಿಗೂ ಅರ್ಧ ಟಿಕೆಟ್ ಹರಿಯಲು ಹೋಗಿ ಬಾಯಮ್ಮನಿಂದ ಪೂರ್ತಿ ಬೈಸಿಕೊಂಡನಂತೆ.

ಹೀಗೆ ಮೂವತ್ತು ವರ್ಷ. ಲೂಯಿಸರು ತೀರಿಕೊಂಡು ಆರು ವರ್ಷವಾಯಿತು, ವಿದ್ಯೆ ಉಳಿಯಿತು. ಅರವತ್ತರ ವೇಗದಲ್ಲಿ ನಡುಗಿ ಎಂಬತ್ತಕ್ಕೆ ಸುಮ್ಮನಾದರೆ ಚಕ್ರದ ತೂಕ ಏರುಪೇರು, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಡೊಂಕು ಎಂದು ನಾವು ಮೆಕ್ಯಾನಿಕ್‌ಗಳು ಸ್ಟೇರಿಂಗ್ ಹಿಡಿದು ಹೇಳುವುದನ್ನು ಅವರು ಹಿಂದಿನ ಸೀಟಿನಲ್ಲಿ ಮುಚ್ಚಳ ಎತ್ತಿ ನೋಡಿ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ಒಬ್ಬ ಫಾದರ್ ಅವರನ್ನು ಕಾರ್ಕಳಕ್ಕೆ ತಮ್ಮ ಕಾರಿನಲ್ಲಿ ಬಿಟ್ಟರು. ಇಳಿಯುವಾಗ ಬಾಯಮ್ಮ ಮುಚ್ಚಳ ಎತ್ತಿ ನೋಡಿ, "ಫಾದರ್, ನೀವು ಗದ್ದೆಗೆ ಇಳಿದಿದ್ದೀರಿ" ಅಂದರು. ಫಾದರ್ ಹಿಂದಿನ ಭಾನುವಾರ ಧ್ಯಾನಕೂಟಕ್ಕೆ ಹೋಗಿದ್ದೇನೆಂದು ಊರಿಗೆಲ್ಲ ಹೇಳಿದ್ದರು. ನಿಜದಲ್ಲಿ ಹೋದದ್ದು ಕೆಸರುಗದ್ದೆ ಆಟಕ್ಕೆ, ಹಗ್ಗಜಗ್ಗಾಟದ ರೆಫ್ರಿಯಾಗಿ. ಹಿಂದಿನ ರಿಮ್ಮಿನ ಒಳಗೆ ಒಂದು ಸೇರು ಕೆಸರು ಒಣಗಿ ಕೂತು ಕಾರು ಕುಂಟುತ್ತಿತ್ತು. ಪೈಪ್ ಹಿಡಿದು ತೊಳೆದ ಕೂಡಲೇ ಸರಿಹೋಯಿತು. ಆಮೇಲೆ ಬಾಯಮ್ಮನ ತಪ್ಪೊಪ್ಪಿಗೆ ಕೇಳುವಾಗ ಆ ಫಾದರ್ ಬಹಳ ಮೆತ್ತಗಾಗಿದ್ದರೆಂದು ಹೇಳುತ್ತಾರೆ.

ಇಂಥ ಕಥೆ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಯಾಕೆ ಉರಿಯಬಾರದು? ಹನ್ನೊಂದು ವರ್ಷ ಬಹ್ರೈನಿನಲ್ಲಿ ಟೈರುಗಳ ಜೊತೆ ಸಂಸಾರ ಮಾಡಿ ಬಂದವನು ನಾನು. ಊರಿಗೆ ಬಂದು ತಂದದ್ದು ಎಂಥ ಯಂತ್ರ! ನಾಲ್ಕು ಚಕ್ರಕ್ಕೂ ಒಂದೊಂದು ಫಲಕ ಕಚ್ಚಿಸಬೇಕು. ಪ್ರತಿ ಫಲಕದ ಮೇಲೆ ಸಾಲು ಸಾಲು ಚುಕ್ಕಿ. ಎದುರಿನ ಕಂಬದ ಕ್ಯಾಮೆರಾಗಳು ಆ ಚುಕ್ಕಿಗಳನ್ನು ನೋಡಿ ಚಕ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ಪರದೆಯ ಮೇಲೆ ಕೆಂಪು ತೋರಿಸುತ್ತವೆ. ನಾನು ಕೆಳಗಿಳಿದು ಸರಿಮಾಡುತ್ತಾ ಬಂದ ಹಾಗೆ ಕೆಂಪು ಹಸಿರಾಗುತ್ತದೆ. ಹಸಿರು ಬಂತೋ, ಮುಗಿಯಿತು. ಅದರ ಮೇಲೆ ಮಾತಿಲ್ಲ. ಮೊಟ್ಟೆ ಹಾಲಿನ ಮಾತಂತೂ ಇಲ್ಲವೇ ಇಲ್ಲ.

ಕಳೆದ ವರ್ಷದ ಆಯುಧಪೂಜೆಯಿಂದ ನನ್ನ ಗ್ರಹಚಾರ ಶುರುವಾಯಿತು. ಅಂಗಡಿ ತೊಳೆದು, ಸ್ಪಾನರುಗಳನ್ನೆಲ್ಲ ಸಾಲಾಗಿ ಇಟ್ಟು, ಗಂಧ ಕುಂಕುಮ ತಟ್ಟೆಯಲ್ಲಿ ಹಿಡಿದು ನಿಂತೆ. ಜಾಕಿಗೆ ತಲೆ ಉಂಟು, ಅಲ್ಲಿ ಬೊಟ್ಟು ಇಟ್ಟೆ. ಕಂಪ್ರೆಸರಿಗೆ ಹೊಟ್ಟೆ ಉಂಟು, ಅಲ್ಲಿ ಇಟ್ಟೆ. ಅಷ್ಟು ದೊಡ್ಡ ಅಲೈನ್‌ಮೆಂಟ್ ಯಂತ್ರಕ್ಕೆ ಹಣೆ ಯಾವುದು? ಪರದೆಗೆ ಹಚ್ಚಿದರೆ ಕಲೆ ಬೀಳುತ್ತದೆ, ಕ್ಯಾಮೆರಾಕ್ಕೆ ಹಚ್ಚಿದರೆ ಕುರುಡಾಗುತ್ತದೆ. ಹಾಗೆಂದು ಅನ್ನ ಕೊಡುವ ಯಂತ್ರವನ್ನು ಬೋಳು ಹಣೆಯಲ್ಲಿ ಬಿಡುವುದೇ? ಯೋಚಿಸಿ ಯೋಚಿಸಿ ಎಡ ಮುಂದಿನ ಚಕ್ರದ ಫಲಕವನ್ನು ಎತ್ತಿ, ಅದರ ನಡುಮಧ್ಯಕ್ಕೆ ಅಂದವಾಗಿ ಗಂಧ, ಗಂಧದ ಮೇಲೆ ಕುಂಕುಮ ಇಟ್ಟೆ. ಉಳಿದ ಮೂರಕ್ಕೆ ಒಂದೊಂದು ಸೇವಂತಿಗೆ. ಬೊಟ್ಟು ಒಣಗಿ ಗಟ್ಟಿಯಾಗಿ ಕೂತಿತು. ಪೂಜೆ ಮಾಡಿದ್ದನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂದು ಆ ಜಾಗಕ್ಕೆ ಬಟ್ಟೆಯೂ ತಾಗಿಸದೆ ಜೋಪಾನ ಮಾಡಿದೆ.

ಮರುವಾರ ತಿಲಕ್ ತನ್ನ ಟ್ಯಾಕ್ಸಿಯನ್ನು ಅಲೈನ್‌ಮೆಂಟಿಗೆ ತಂದ. ಬಾಯಮ್ಮನ ಕಾಯಂ ಡ್ರೈವರ್ ಅವನೇ. ಹಸಿರು ಬರಿಸಿ ಕಳಿಸಿದೆ. ನಾಲ್ಕೇ ದಿನಕ್ಕೆ ತಿರುಗಿ ಬಂದ, ತಲೆ ಕೆರೆದುಕೊಂಡು.

"ಶೇಖರಣ್ಣ, ಬಾಯಮ್ಮ ಹೇಳುತ್ತಾರೆ ಕಾರು ಎಡಕ್ಕೆ ಎಳೆಯುತ್ತದೆ ಅಂತ. ಪುಡ್ಡಿಂಗ್ ಎಡಗಡೆ ಗೋಡೆ ಬಿಟ್ಟಿತ್ತು."

"ನಿನಗೆ ಎಳೆದ ಹಾಗೆ ಆಗುತ್ತದಾ?"

"ಸ್ವಲ್ಪ ಆಗುತ್ತದೆ. ಆದರೆ ನನಗೆ ಅಭ್ಯಾಸ ಆಗಿದೆ."

ಪುನಃ ಯಂತ್ರಕ್ಕೆ ಹಾಕಿದೆ. ನಾಲ್ಕೂ ಚಕ್ರ ಹಸಿರು, ಜೂನ್ ತಿಂಗಳ ಗದ್ದೆಯ ಹಾಗೆ. "ನೋಡು ಮಾರಾಯ, ನಮ್ಮ ರಸ್ತೆಯೇ ಎಡಕ್ಕೆ ವಾಲಿಕೊಂಡು ಉಂಟು, ಮಳೆನೀರು ಹರಿದು ಹೋಗಲಿಕ್ಕೆ. ಕಾರು ಎಂತ ಮಾಡುತ್ತದೆ?" ಎಂದು ಕಳಿಸಿದೆ. ಮರುದಿನ ಬಾಯಮ್ಮನಿಂದ ಉತ್ತರ ಬಂತು, ಗಾದೆಯ ರೂಪದಲ್ಲಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನನಗೆ ಸಿಟ್ಟು ಬಂತು. ತಪ್ಪು ರಸ್ತೆಯದ್ದಲ್ಲ, ತಿಲಕ್‌ನದ್ದು, ಅವನು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಚಕ್ಕುಲಿ ತಿನ್ನುತ್ತಾನೆ ಎಂದು ಸ್ಟ್ಯಾಂಡಿನಲ್ಲಿ ಸಾರಿಬಿಟ್ಟೆ. ಪಾಪ, ಅವನ ಬಾಡಿಗೆಗಳು ಕಡಿಮೆಯಾದವು. ಬಾಯಮ್ಮ ಬೇರೆ ಇಬ್ಬರ ಕಾರು ಹತ್ತಿ ನೋಡಿದರು. ಎರಡೂ ನನ್ನಲ್ಲೇ ಅಲೈನ್‌ಮೆಂಟ್ ಆಗಿದ್ದವು. ಎರಡರಲ್ಲೂ ಪುಡ್ಡಿಂಗ್ ಎಡಗಡೆಯೇ ಬಿಟ್ಟಿತು.

ಡಿಸೆಂಬರ್ ಮೊದಲ ವಾರ ಅವರೇ ಅಂಗಡಿಗೆ ಬಂದರು. ಬಾಯಮ್ಮ ನನ್ನೊಡನೆ ಮಾತಾಡುವುದು ತುಳುವಿನಲ್ಲಿ. ಸಿಟ್ಟು ಬಂದರೆ ಕೊಂಕಣಿ, ನನಗೆ ತಿಳಿಯಬಾರದೆಂದು. ವಿಷಯ ತೀರಾ ಗಂಭೀರವಾದರೆ ಮಾತ್ರ ಕನ್ನಡ, ಶಾಲೆಯ ಟೀಚರಿನ ಹಾಗೆ ಪೂರ್ತಿ ಪೂರ್ತಿ ವಾಕ್ಯದಲ್ಲಿ. ಆವತ್ತು ಬಾಗಿಲಲ್ಲೇ ಕನ್ನಡ ಶುರುವಾಯಿತು.

"ಶೇಖರ, ನಿನ್ನ ಯಂತ್ರಕ್ಕೆ ಎಂತದೋ ಆಗಿದೆ. ಮೂರು ಕಾರು, ಮೂರು ಡ್ರೈವರ್. ಮೂರೂ ಎಡಕ್ಕೆ."

ಅಲ್ಲಿ ನಾಲ್ಕೈದು ಡ್ರೈವರುಗಳು ಚಹಾ ಕುಡಿಯುತ್ತಾ ನಿಂತಿದ್ದರು. ಅವರೆದುರು ನನ್ನ ಯಂತ್ರಕ್ಕೆ ಅಂದದ್ದು ನನ್ನ ತಾಯಿಗೆ ಅಂದ ಹಾಗಾಯಿತು. ನಾಲಿಗೆ ಜಾರಿತು.

"ಬಾಯಮ್ಮ, ಮೂರು ಕಾರಿನಲ್ಲೂ ಇದ್ದದ್ದು ಒಂದೇ ಮೊಣಕಾಲು ಅಲ್ವಾ? ಅಲುಗಾಡುವುದು ಚಕ್ರ ಅಲ್ಲ. ನೀವು!"

ಡ್ರೈವರುಗಳು ನಕ್ಕರು. ಬಾಯಮ್ಮ ನಗಲಿಲ್ಲ, ಬೈಯಲೂ ಇಲ್ಲ. ಕೊಂಕಣಿಯಲ್ಲೂ ಬೈಯಲಿಲ್ಲ. ತಮ್ಮ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡು, ಕೊಡೆ ಎತ್ತಿಕೊಂಡು ಹೋದರು. ಗೆದ್ದೆ ಅಂದುಕೊಂಡೆ. ಆದರೆ ಮಧ್ಯಾಹ್ನದ ಊಟ ಸೇರಲಿಲ್ಲ.

ಊಟ ಯಾಕೆ ಸೇರಲಿಲ್ಲ ಎನ್ನುವುದು ವಾರದ ನಂತರ ತಿಲಕ್ ಹೇಳಿದ ಮೇಲೆ ಗೊತ್ತಾಯಿತು. ಬಾಯಮ್ಮನ ಬಲಗೈ ಒಂದು ವರ್ಷದಿಂದ ಸಣ್ಣಗೆ ನಡುಗುತ್ತಿತ್ತಂತೆ. ಮಣಿಪಾಲದ ಡಾಕ್ಟರು ಮಾತ್ರೆ ಕೊಟ್ಟು, ಮುಂದೆ ಹೆಚ್ಚಾಗಬಹುದು ಅಂದಿದ್ದರಂತೆ. ಇದು ತಿಲಕ್ ಬಿಟ್ಟರೆ ಯಾರಿಗೂ ಗೊತ್ತಿಲ್ಲ. "ಈಗ ಅವರು ಡಬ್ಬ ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ ಶೇಖರಣ್ಣ. ಸೀಟಿನ ಮೇಲೆ ಇಟ್ಟು ಬೆಲ್ಟು ಹಾಕುತ್ತಾರೆ." ಅಂದ. ನಾನು ಸುಮ್ಮನೆ ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ ನಿಂತೆ. ಅದು ಹೊಸ ಟ್ಯೂಬು. ನನಗೆ ನಾಚಿಕೆಯಾಗಿತ್ತು. ಆದರೂ ಯಂತ್ರ ತಪ್ಪಿದೆಯೆಂದು ಒಪ್ಪುವಷ್ಟು ಆಗಿರಲಿಲ್ಲ, ಸತ್ಯ ಹೇಳಬೇಕಲ್ಲ.

ಕ್ರಿಸ್ಮಸ್ ಕಳೆದ ಮೊದಲ ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಬಾಯಮ್ಮ ನೇರ ನನ್ನಲ್ಲಿಗೆ ಬಂದರು, ಕೈಯಲ್ಲಿ ಡಬ್ಬ. ಹಿಂದೆ ತಿಲಕ್.

"ಶೇಖರ, ನನಗೆ ಒಂದೇ ವಿಷಯ ಗೊತ್ತಾಗಬೇಕು. ಅಲ್ಲಾಡುವುದು ಚಕ್ರವೋ, ನಾನೋ. ನಾನು ಅಂತಾದರೆ ಡಬ್ಬ ಇವತ್ತೇ ಅಟ್ಟಕ್ಕೆ ಹೋಗುತ್ತದೆ. ಲೂಯಿಸ್ ಕಲಿಸಿದ್ದನ್ನು ತಪ್ಪು ತಪ್ಪು ಹೇಳಿಕೊಂಡು ನಾನು ಬದುಕುವುದಿಲ್ಲ. ನಿನ್ನ ಸ್ವಂತ ಕಾರು ತೆಗೆ. ತಿಲಕ್ ಓಡಿಸಲಿ. ಡಬ್ಬ ನೀನು ಹಿಡಿ."

"ನಾನಾ?"

"ನಿನ್ನ ಮೊಣಕಾಲು ಗಟ್ಟಿ ಉಂಟಲ್ಲ?"

ಹೀಗೆ ನಲವತ್ತಾರು ವರ್ಷದ ನಾನು, ದೀಪಾವಳಿ ಕಳೆದ ಮೇಲೆ ನಾನೇ ಅಲೈನ್‌ಮೆಂಟ್ ಮಾಡಿದ್ದ ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಪುಡ್ಡಿಂಗ್ ಡಬ್ಬ ಅಪ್ಪಿಕೊಂಡು, ಶಿಲುಬೆಯನ್ನು ಇಂಜಿನ್ ಕಡೆಗೆ ತಿರುಗಿಸಿ ಕೂತೆ. ಬಾಯಮ್ಮ ಮುಂದೆ, ಜಪಸರ ಹಿಡಿದು. ಕಾಪುವಿನಿಂದ ಹೆದ್ದಾರಿಯಲ್ಲಿ ಪಡುಬಿದ್ರಿ, ಅಲ್ಲಿಂದ ಬೆಳ್ಮಣ್ಣಿನ ಅವರ ಮನೆ. ಉಚ್ಚಿಲದಲ್ಲಿ ದೇವಸ್ಥಾನಕ್ಕೆ ಬಂದ ವಾಹನಗಳು ತಿರುಗುತ್ತಾ ಇದ್ದುದರಿಂದ ಕಾರು ನಿಂತಿತು. ಪಕ್ಕದಲ್ಲಿ ಪರಿಚಯದ ಮೀನಿನ ಲಾರಿಯವನೊಬ್ಬ ಕಿಟಕಿಯಲ್ಲಿ ಇಣುಕಿ, ಹೊಟ್ಟೆಯ ಮುಂದೆ ಎರಡೂ ಕೈಯಲ್ಲಿ ಡಬ್ಬ ತಬ್ಬಿ ಕೂತ ನನ್ನನ್ನು ನೋಡಿದ. "ಶೇಖರಣ್ಣ, ಎಷ್ಟು ತಿಂಗಳು?" ಎಂದು ಕೇಳಿಯೇ ಬಿಟ್ಟ. ತಿಲಕ್ ಸ್ಟೇರಿಂಗಿಗೆ ಹಣೆ ಒತ್ತಿ ನಕ್ಕ. ಬಾಯಮ್ಮನ ಜಪಸರ ಒಂದು ಮಣಿಯಲ್ಲಿ ನಿಂತಿತು, ಆಮೇಲೆ ಮುಂದುವರಿಯಿತು.

ಅಷ್ಟು ಹೊತ್ತಿಗೆ ನನಗೆ ಬೇರೆ ಚಿಂತೆ ಹತ್ತಿತ್ತು. ಮುಂದೆ ಕೂತು ಓಡಿಸುವಾಗ ನನಗೆ ತಿಳಿಯದೇ ಇದ್ದದ್ದು ಹಿಂದೆ ಕೂತಾಗ ಕಾಣುತ್ತಿತ್ತು. ರಸ್ತೆ ನೇರ ಇದ್ದರೂ ತಿಲಕ್‌ನ ಕೈ ಮತ್ತೆ ಮತ್ತೆ ಬಲಕ್ಕೆ ಒಂದು ಸಣ್ಣ ತಿದ್ದು ಹಾಕುತ್ತಿತ್ತು. ಕಾರು ಎಡಕ್ಕೆ ಜಾರುವುದು, ಅವನು ಬಲಕ್ಕೆ ತರುವುದು. ಪ್ರತಿ ತಿದ್ದಿಗೂ ಡಬ್ಬದೊಳಗೆ ಏನೋ ಮೆತ್ತಗೆ ನನ್ನ ತೊಡೆಗೆ ಬಡಿದ ಹಾಗೆ. ದೇವರಾಣೆ, ಆಗ ನಾನು ಒಂದು ಕಳ್ಳ ಕೆಲಸ ಮಾಡಿದೆ. ಬಾಯಮ್ಮ ಮುಂದೆ ನೋಡುತ್ತಿದ್ದಾರೆಂದು ಡಬ್ಬವನ್ನು ಮೆಲ್ಲನೆ ಕಾಲುಭಾಗ ತಿರುಗಿಸಿಬಿಟ್ಟೆ. ಪಡುಬಿದ್ರಿ ದಾಟಿ ಸುಮಾರು ದೂರ ಹೋದ ಮೇಲೆ ಮನಸ್ಸು ಕುಟುಕಿತು, ಪುನಃ ಶಿಲುಬೆ ಮುಂದಕ್ಕೆ ತಂದೆ.

ಬೆಳ್ಮಣ್ಣಿನ ಮನೆಯ ಜಗುಲಿಯಲ್ಲಿ ಬಾಯಮ್ಮ ಮುಚ್ಚಳ ತೆಗೆದರು. ಎಡಗಡೆ ಪುಡ್ಡಿಂಗಿಗೂ ಡಬ್ಬಕ್ಕೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಕ್ಯಾರಮೆಲ್ ಏರಿ ಕಂದಾಗಿ ನಿಂತಿತ್ತು. ಅವರು ಡಬ್ಬವನ್ನು ಬೆಳಕಿಗೆ ಹಿಡಿದು ಇನ್ನಷ್ಟು ನೋಡಿದರು.

"ಮುಂದಿನ ಬದಿಯಲ್ಲೂ ಒಂದು ಸಣ್ಣ ಸೀಳು ಉಂಟು. ಡಬ್ಬ ತಿರುಗಿಸಿದ್ದೀ ಅಲ್ವಾ?"

ನಾನು ಮಾಡಿನ ಹೆಂಚು ಎಣಿಸತೊಡಗಿದೆ.

"ಹಾಗಾದರೆ ಕಾರೇ ಬಾಯಮ್ಮ, ನೀವಲ್ಲ," ಎಂದು ತಿಲಕ್ ಕುಣಿಯುವುದೊಂದೇ ಬಾಕಿ. ಆದರೆ ಅವರು ತಲೆಯಾಡಿಸಿದರು. "ಶೇಖರನ ಮೊಣಕಾಲೂ ನಡುಗಿರಬಹುದು, ಹೆದರಿಕೆಗೆ. ಎಳೆಯುತ್ತದೆ ಅಂದರೆ ಸಾಲದು. ಯಾಕೆ ಎಳೆಯುತ್ತದೆ ಅಂತ ಕಣ್ಣಿಗೆ ಕಾಣಬೇಕು. ಯಂತ್ರ ತೋರಿಸು." ನನ್ನ ಯಂತ್ರವೇ ಆಗಲಿ, ಅವರ ಕೈಯೇ ಆಗಲಿ, ಸುಮ್ಮನೆ ಬಿಡುವ ಹೆಂಗಸಲ್ಲ ಅವರು. ಆ ಗಳಿಗೆಯಲ್ಲಿ ಮೊದಲ ಸಲ ನನಗೆ ಅವರ ಮೇಲೆ ಗೌರವ ಹುಟ್ಟಿತು. ಹೊಟ್ಟೆ ಉರಿಯೂ ಇತ್ತು, ಅದು ಬೇರೆ.

ಕಾಪುವಿಗೆ ಮರಳಿ ಕಾರನ್ನು ರ‍್ಯಾಂಪಿಗೆ ಏರಿಸಿದೆ. ನಾಲ್ಕು ಫಲಕ ಕಚ್ಚಿಸಿದೆ. ಪರದೆ ಹೊತ್ತಿಕೊಂಡಿತು. ನಾಲ್ಕೂ ಹಸಿರು.

"ನೋಡಿ!" ಅಂದೆ. ಧ್ವನಿಯಲ್ಲಿ ಸಂತೋಷವಿತ್ತು ಎಂದು ತಿಲಕ್ ಈಗಲೂ ಹೇಳುತ್ತಾನೆ. ಬಾಯಮ್ಮನ ಮುಖ ಸಣ್ಣಗಾಯಿತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ನನ್ನ ಸಂತೋಷ ಅಲ್ಲಿಗೇ ಇಳಿಯಿತು. ಅವರು ಪರದೆ ನೋಡಲಿಲ್ಲ. ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು, ಮುಚ್ಚಳ ತೆಗೆದ ಡಬ್ಬ ನೋಡುವ ಹಾಗೆ ಒಂದೊಂದು ಫಲಕವನ್ನೂ ಬಗ್ಗಿ ನೋಡುತ್ತಾ. ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ. ಮುಂದಿನ ಎಡದ ಹತ್ತಿರ ಬಂದು ನಿಂತರು.

"ಬೇರೆ ಮೂರರಲ್ಲಿ ಇಲ್ಲದ್ದು ಇದರಲ್ಲಿ ಒಂದು ಉಂಟು. ಇದೆಂತ ಕೆಂಪು?"

"ಅದು ಬೊಟ್ಟು ಬಾಯಮ್ಮ. ಪೂಜೆಯದ್ದು."

"ಯಾವಾಗಿನ ಪೂಜೆ?"

"ಆಯುಧಪೂಜೆ..." ಎನ್ನುವಾಗಲೇ ನನಗೆ ಹೊಳೆಯಿತು. ಕ್ಯಾಮೆರಾ ನೋಡುವುದು ಚುಕ್ಕಿಗಳನ್ನು. ನಾನು ಭಕ್ತಿಯಿಂದ ಅದಕ್ಕೆ ಒಂದು ಚುಕ್ಕಿ ಹೆಚ್ಚು ಕೊಟ್ಟಿದ್ದೆ. ಮೂರು ತಿಂಗಳಿನಿಂದ ಆ ಪಾಪದ ಯಂತ್ರ ನನ್ನ ಬೊಟ್ಟನ್ನೂ ಲೆಕ್ಕಕ್ಕೆ ಹಿಡಿದು, ನೇರ ಇದ್ದ ಚಕ್ರವನ್ನು ಓರೆ ಎನ್ನುತ್ತಿತ್ತು. ನಾನು ಅದನ್ನು ನಂಬಿ, ಬಂದ ಕಾರುಗಳನ್ನೆಲ್ಲ ಶ್ರದ್ಧೆಯಿಂದ ಓರೆ ಮಾಡಿ ಕಳಿಸುತ್ತಿದ್ದೆ.

ಬಾಯಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ನಿಮ್ಮ ದೇವರ ಬೊಟ್ಟು, ನಾನು ಮುಟ್ಟುವುದಿಲ್ಲ. ಒರೆಸುವುದಾದರೆ ನೀನೇ ಕೈಮುಗಿದು ಒರೆಸು."

ಕೈಮುಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಫಲಕದ ಕೆಂಪು ಹೋದದ್ದೇ ತಡ, ಪರದೆಯ ಎಡ ಮುಂದಿನ ಚಕ್ರ ಕೆಂಪಾಯಿತು.

ಬಾಯಮ್ಮ ಟೈರುಗಳ ರಾಶಿಯ ಮೇಲೆ ಕೂತರು, ಬಿಳಿ ಸೀರೆ ಅಂತಲೂ ನೋಡದೆ. "ಹಾಗಾದರೆ ನಾನಲ್ಲ," ಅಂದರು. ಇನ್ನೊಮ್ಮೆ, "ನಾನಲ್ಲ." ಅವರ ಕಣ್ಣು ತುಂಬಿತ್ತು, ನನ್ನದೂ. ಇಬ್ಬರಿಗೂ ಅದನ್ನು ಹೇಗೆ ಮುಗಿಸುವುದೆಂದು ತಿಳಿಯದಿದ್ದಾಗ ಹಿಂದಿನಿಂದ ತಿಲಕ್ ಕೂಗಿದ.

"ಶೇಖರಣ್ಣ, ತಪ್ಪು ತಿಲಕ್‌ನದ್ದು ಅಂತ ನೀನು ಊರಿಗೆಲ್ಲ ಸಾರಿದ್ದಿ ಅಲ್ವಾ? ಸರಿಯೇ ಉಂಟು ಮಾರಾಯ. ತಿಲಕದ್ದೇ!"

ಬಾಯಮ್ಮ ನಕ್ಕದ್ದು ನೋಡಬೇಕಿತ್ತು. ತಾವು ಕೂತಿದ್ದ ಟೈರುಗಳೇ ಜಾರುವಷ್ಟು ನಕ್ಕರು. ಆಮೇಲೆ ಡಬ್ಬ ಬೋರಲು ಹಾಕಿ, ಅರ್ಧ ನಿಂತ ಅರ್ಧ ಮಲಗಿದ ಆ ಪುಡ್ಡಿಂಗನ್ನು ಮೂವರೂ ತಿಂದೆವು. ಅಂಥ ರುಚಿ ನಾನು ಈ ಜನ್ಮದಲ್ಲಿ ಕಂಡಿಲ್ಲ. ಮುಂದಿನ ಎರಡು ವಾರ ನಾನು ಮೂರು ತಿಂಗಳ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ಒಂದೂ ಪೈಸೆ ಮುಟ್ಟದೆ ಚಕ್ರ ನೇರ ಮಾಡಿದೆ. ಯಾಕೆ ಎಂದು ಕೇಳಿದವರಿಗೆ ವಾರ್ಷಿಕ ಸೇವೆ ಅಂದೆ. ಯಾರೂ ನಂಬಲಿಲ್ಲ, ತಿಲಕ್ ಮೊದಲೇ ಎಲ್ಲರಿಗೂ ಹೇಳಿಯಾಗಿತ್ತು.

ಕಥೆ ಅಲ್ಲಿಗೇ ಮುಗಿದಿದ್ದರೆ ನನಗೆ ಇದನ್ನು ಬರೆಯುವ ಮನಸ್ಸಾಗುತ್ತಿರಲಿಲ್ಲ.

ಈ ವರ್ಷ ಮೇ ತಿಂಗಳು, ಮದುವೆಗಳ ಕೊನೆಯ ಭರಾಟೆ. ಡಬ್ಬ ಪುನಃ ಬಾಯಮ್ಮನ ಮಡಿಲಿಗೆ ಏರಿತ್ತು. ಒಂದು ಮಧ್ಯಾಹ್ನ ಬಾಯಮ್ಮ ತಿಲಕ್‌ನ ಕಾರಿನಲ್ಲಿ ಬಂದಿಳಿದು, ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಪುಡ್ಡಿಂಗ್ ಬಲಗಡೆಯ ಗೋಡೆ ಬಿಟ್ಟಿತ್ತು.

"ಈ ಸಲ ಚಕ್ರ ಅಲ್ಲ ಶೇಖರ," ಅಂದರು ಕನ್ನಡದಲ್ಲಿ. "ಬಲಗೈ. ಮೊನ್ನೆ ಬೇರೆ ಕಾರಿನಲ್ಲೂ ಹೀಗೇ ಆಯಿತು. ಕೊನೆಯದಾಗಿ ನಿನ್ನ ಯಂತ್ರವೂ ಒಂದು ಮಾತು ಹೇಳಿಬಿಡಲಿ."

ಕಾರು ಏರಿಸಿದೆ. ಅವರು ನೀರು ಕುಡಿಯಲು ಒಳಗೆ ಹೋದರು. ಪರದೆ ನೋಡಿದೆ. ನಾಲ್ಕೂ ಹಸಿರು. ಇಷ್ಟು ವರ್ಷ ಆ ಹಸಿರಿಗಾಗಿ ಬದುಕಿದವನು ನಾನು. ಆವತ್ತು ಮಾತ್ರ ಅದು ನನಗೆ ಬೇಡವಾಗಿತ್ತು. ಎಂತ ಮಾಡಲಿ ಎಂದು ಯೋಚಿಸುವಷ್ಟು ಹೊತ್ತು ಇರಲಿಲ್ಲ. ಗೋಡೆಯ ದೇವರ ಪಟದ ಎದುರಿದ್ದ ಕುಂಕುಮದ ಭರಣಿಗೆ ಬೆರಳು ಅದ್ದಿ, ನೀರು ತಾಗಿಸಿ, ಬಲ ಮುಂದಿನ ಫಲಕದ ನಡುವೆ ಒಂದು ಬೊಟ್ಟು ಇಟ್ಟುಬಿಟ್ಟೆ. ಪರದೆ ಪಾಪ, ಕೂಡಲೇ ಕೆಂಪಾಯಿತು.

"ಬಾಯಮ್ಮ, ಬನ್ನಿ ನೋಡಿ! ಬಲಚಕ್ರವೇ. ಹೊರಗೆ ಹೋಗಿದೆ. ನೀವಲ್ಲ."

ಅವರು ಬಂದರು. ಪರದೆಯ ಕೆಂಪನ್ನು ನೋಡಿದರು. ಆಮೇಲೆ ಫಲಕದ ಕೆಂಪನ್ನು ನೋಡಿದರು. ಆಮೇಲೆ ನನ್ನ ಬೆರಳಿನ ತುದಿಯ ಕೆಂಪನ್ನು. ನಾನು ಬೆರಳನ್ನು ಪ್ಯಾಂಟಿಗೆ ಒರೆಸುವುದರೊಳಗೆ ಎಲ್ಲ ಮುಗಿದಿತ್ತು. ಅವರ ಬಲಗೈ ಸೀರೆಯ ಮಡಿಕೆಯೊಳಗೆ ನಡುಗುತ್ತಿತ್ತು. ಬೈಯುತ್ತಾರೆಂದು ಕಾದೆ.

ಬಾಯಮ್ಮ ಡಬ್ಬಕ್ಕೆ ಮುಚ್ಚಳ ಹಾಕಿ ನನ್ನ ಎರಡೂ ಕೈಗೆ ಕೊಟ್ಟರು. ಶಿಲುಬೆ ಮುಂದಕ್ಕೆ ತಿರುಗಿಸಿಯೇ ಕೊಟ್ಟರು. ಆಮೇಲೆ ಮಾತಾಡಿದ್ದು ಕನ್ನಡದಲ್ಲಲ್ಲ, ತುಳುವಿನಲ್ಲಿ.

"ಆ ಬೊಟ್ಟು ಒರೆಸು, ಕಳ್ಳ. ಒರೆಸಿ ಹಿಂದಿನ ಸೀಟಿನಲ್ಲಿ ಕೂತುಕೋ. ಮನೆಯಲ್ಲಿ ಇನ್ನೊಂದು ಡಬ್ಬ ಬೇಯಿಸಿಟ್ಟಿದ್ದೇನೆ, ಸಂಜೆ ಉಡುಪಿಯಲ್ಲಿ ರೋಸ್ ಉಂಟು. ಇನ್ನು ಮೇಲೆ ಹಿಡಿಯುವುದು ನೀನು, ನೋಡಿ ಹೇಳುವುದು ನಾನು."